ಬೈಲಕುಪ್ಪೆಯ ಬರಿದಾದ ಪೀಠ



ಚಳಿಗಾಲ ಕಾಲಿಟ್ಟಿತೆಂದರೆ ನಮ್ಮ ಪೇಟೆಬೀದಿಗಳಲ್ಲಿ ಉಣ್ಣೆಯ ಸ್ವೆಟರು, ಟೋಪಿಗಳನ್ನು ಹರಡಿಕೊಂಡು ಕುಳಿತ ಟಿಬೆಟನ್ ಮಹಿಳೆಯರನ್ನು ನೀವು ಕಂಡಿದ್ದೀರಿ. ಅವರೊಡನೆ ಚೌಕಾಸಿಯನ್ನೂ ಮಾಡಿದ್ದೀರಿ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಬೈಲಕುಪ್ಪೆಯ ಚಿನ್ನದ ದೇಗುಲದ ಮುಂದೆ ಚಿತ್ರ ತೆಗೆಸಿಕೊಂಡವರೂ ನಮ್ಮಲ್ಲಿ ಅನೇಕರಿದ್ದಾರೆ. ಮೇಟಗಳ್ಳಿಯಿಂದ ವರ್ತುಲ ರಸ್ತೆ ಹಿಡಿದು ಹಿನಕಲ್ ಬಳಿ ಹುಣಸೂರು ರಸ್ತೆಗೆ ಹೊರಳಿದರೆ, ಪಿರಿಯಾಪಟ್ಟಣವನ್ನು ದಾಟಿ, ಸುಮಾರು 80 ಕಿಲೋಮೀಟರಿನಲ್ಲಿ ಬೈಲಕುಪ್ಪೆ. ಇಷ್ಟು ಹತ್ತಿರದ ನೆರೆಹೊರೆಯವರು ಇಲ್ಲಿಗೆ ಏಕೆ ಬಂದರು, ಆರು ದಶಕಗಳ ನಂತರವೂ ಏಕೆ ಹಿಂದಿರುಗಲಾರರು ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ.

ಚಿನ್ನದ ದೇಗುಲವೆಂದು ನಾವು ಕರೆಯುವ ನಾಮ್‌ಡ್ರೋಲಿಂಗ್ ಮಠವಲ್ಲದೆ ಬೈಲಕುಪ್ಪೆಯಲ್ಲಿ ಇನ್ನೂ ಹಲವು ಮಠಗಳಿವೆ. ಅವುಗಳಲ್ಲಿ ಒಂದರ ಹೆಸರು ತಾಶಿ ಲುನ್ಪೊ. ಇದರ ಮೂಲ ಮಠ ಟಿಬೆಟ್ಟಿನ ಶಿಗಾತ್ಸೆ ನಗರದಲ್ಲಿದೆ. ಮೊದಲ ದಲೈ ಲಾಮಾ ಎಂದು ಗಣಿಸಲ್ಪಡುವ ಗೆಂಡುನ್ ಡ್ರುಪ್ ಅದನ್ನು 1447ರಲ್ಲಿ ಸ್ಥಾಪಿಸಿದರು. ಬೈಲಕುಪ್ಪೆಯಲ್ಲಿ ಅದು ಪುನಃ ಸ್ಥಾಪನೆಯಾದದ್ದು 1972ರಲ್ಲಿ. ಟಿಬೆಟನ್ನರ ಗುರುಪರಂಪರೆಯಲ್ಲಿ ದಲೈ ಲಾಮಾರಿಗೆ ಸರಿಸಾಟಿಯೆಂಬಷ್ಟು ಗೌರವ ಪಡೆದ ಪಾಂಚೆನ್ ಲಾಮಾರ ಪೀಠ ಈ ಮಠದ್ದು. ಮಠವಿದೆ, ಭಿಕ್ಷುಗಳಿದ್ದಾರೆ, ಪಾಠಪ್ರವಚನಗಳು ನಡೆಯುತ್ತಿವೆ. ಪೀಠದಲ್ಲಿ ಕೂರಬೇಕಾದವರು ಮಾತ್ರ ಇಲ್ಲ. ಅವರು ಎಲ್ಲಿದ್ದಾರೆಂದು ಚೀನಾದ ಅಧಿಕಾರಿಗಳಲ್ಲದೆ ಲೋಕದಲ್ಲಿ ಬೇರಾರಿಗೂ ತಿಳಿಯದು.

ಕಥೆಯನ್ನು ಮೊದಲಿನಿಂದ ಹೇಳುವುದು ಒಳಿತು.

1949ರ ಅಕ್ಟೋಬರ್ 1ರಂದು ಚೀನಾದಲ್ಲಿ ಕಮ್ಯುನಿಸ್ಟ್ ಗಣರಾಜ್ಯ ಘೋಷಣೆಯಾಯಿತು. ಮರುವರ್ಷವೇ ಅದರ ಸೇನೆ ಟಿಬೆಟ್ಟನ್ನು ಹೊಕ್ಕಿತು. 1951ರ ಮೇ 23ರಂದು ಬೀಜಿಂಗಿನಲ್ಲಿ 17 ಅಂಶಗಳ ಒಪ್ಪಂದವೊಂದಕ್ಕೆ ಟಿಬೆಟ್ಟಿನ ಪ್ರತಿನಿಧಿಗಳಿಂದ ಸಹಿ ಹಾಕಿಸಿಕೊಳ್ಳಲಾಯಿತು. ದಲೈ ಲಾಮಾರ ಸ್ಥಾನಮಾನವನ್ನು ಬದಲಿಸುವುದಿಲ್ಲ, ಜನರ ಧಾರ್ಮಿಕ ನಂಬಿಕೆಗಳನ್ನು ಗೌರವಿಸುತ್ತೇವೆ, ಮಠಗಳನ್ನು ರಕ್ಷಿಸುತ್ತೇವೆ ಎಂಬ ಆಶ್ವಾಸನೆಗಳು ಅದರಲ್ಲಿದ್ದವು. ಕಾಗದದ ಮೇಲೆ ಅದು ಉದಾರವಾದ ದಾಖಲೆಯೇ ಸರಿ. 1954ರ ಏಪ್ರಿಲ್ 29ರಂದು ಭಾರತವೂ ಚೀನಾದೊಡನೆ ಒಪ್ಪಂದ ಮಾಡಿಕೊಂಡಿತು. ಪಂಚಶೀಲವೆಂದು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ ತತ್ವಗಳು ಬಂದದ್ದು ಆ ಒಪ್ಪಂದದ ಪೀಠಿಕೆಯಲ್ಲಿ. ಅದರ ಒಡಲಿನ ವಿಷಯವಾದರೋ ಟಿಬೆಟ್ಟಿನೊಡನೆ ವ್ಯಾಪಾರ ಮತ್ತು ಯಾತ್ರೆ. ಅದರಲ್ಲಿ ಟಿಬೆಟ್ಟನ್ನು ಚೀನಾದ ಒಂದು ಪ್ರದೇಶವೆಂದೇ ಹೆಸರಿಸಲಾಗಿತ್ತು. ಶೀಲದ ಮಾತು ಎಲ್ಲರ ನೆನಪಿನಲ್ಲಿ ಉಳಿಯಿತು, ಒಪ್ಪಂದದ ವಿಷಯ ಮರೆತುಹೋಯಿತು.

1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆಯೆದ್ದರು. ಒಂದು ವಾರದ ಬಳಿಕ, 23 ವರ್ಷ ವಯಸ್ಸಿನ ದಲೈ ಲಾಮಾ ರಾತ್ರಿಯ ವೇಳೆ ಅರಮನೆಯಿಂದ ಹೊರಟು, ಮಾರ್ಚ್ 31ರಂದು ಭಾರತದ ಗಡಿಯನ್ನು ಪ್ರವೇಶಿಸಿದರು. ಅವರ ಹಿಂದೆ ಸಾವಿರ ಸಾವಿರ ಜನ ಹಿಮಾಲಯದ ಕಣಿವೆಗಳನ್ನು ದಾಟಿ ಬಂದರು. ಅವರಲ್ಲಿ ಅನೇಕರಿಗೆ ಮೊದಲು ದೊರೆತ ಕೆಲಸ ಉತ್ತರದ ಬೆಟ್ಟಗಳಲ್ಲಿ ರಸ್ತೆಗೆ ಕಲ್ಲು ಒಡೆಯುವುದು. ಭಿಕ್ಷುಗಳಲ್ಲಿ ಬಹಳ ಮಂದಿಯನ್ನು ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಕ್ಷಯರೋಗ ಅಲ್ಲಿ ಅನೇಕ ಭಿಕ್ಷುಗಳನ್ನು ಬಲಿ ತೆಗೆದುಕೊಂಡಿತು.

ಆಗ ಪ್ರಧಾನಿ ನೆಹರೂ ಅವರು ರಾಜ್ಯಗಳಿಗೆ ಪತ್ರ ಬರೆದು ಭೂಮಿ ಕೇಳಿದರು. ಅತಿ ಉದಾರವಾಗಿ ಕೊಟ್ಟದ್ದು ನಮ್ಮ ಅಂದಿನ ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿ ದೊರೆಯಿತು. 1960ರ ಕೊನೆಯ ಹೊತ್ತಿಗೆ ಮೊದಲ ತಂಡ ಬಂದಿಳಿಯಿತು. ಮಂಜಿನ ನಾಡಿನಿಂದ ಬಂದವರಿಗೆ ನಮ್ಮ ಬಿಸಿಲು ಹೇಗಿದ್ದಿರಬೇಕೆಂದು ಊಹಿಸಿ. ಬಿದಿರಿನ ಗುಡಿಸಲು, ಗುಡಾರಗಳಲ್ಲಿ ವಾಸ. ಹಗಲೆಲ್ಲ ಮರ ಕಡಿದು ಬೇರು ಕೀಳುವ ಕೆಲಸ. ಬಿತ್ತಿದ ಜೋಳಕ್ಕೆ ಆನೆ, ಹಂದಿಗಳ ಕಾಟ. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, ನಂತರ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳು ಎದ್ದವು. ಇಂದು ಗ್ರಾಮಾಭಿವೃದ್ಧಿಗೆ ಹೆಸರಾದ ಮೈರಾಡಾ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ನಿರಾಶ್ರಿತರ ನೆಲೆಗೆ ನೆರವಾಗಲೆಂದು.

ಬಕ್ಸಾದಲ್ಲಿ ಬದುಕುಳಿದ ಸೆರಾ ಮಠದ ಭಿಕ್ಷುಗಳೂ ಬೈಲಕುಪ್ಪೆಗೆ ಬಂದರು. ಕಥೋಲಿಕರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1716ರಲ್ಲಿ ಯೇಸುಸಭೆಯ ಇಪ್ಪೋಲಿತೊ ದೆಸಿದೇರಿ ಎಂಬ ಇಟಲಿಯ ಗುರು ಲಾಸಾ ತಲುಪಿದರು. ಟಿಬೆಟನ್ ಭಾಷೆ ಕಲಿತು, ಮರುವರ್ಷ ಸೆರಾ ಮಠದಲ್ಲಿಯೇ ನೆಲೆಸಿ, ಭಿಕ್ಷುಗಳೊಡನೆ ಕುಳಿತು ಅವರ ಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಶುಭಸಂದೇಶವನ್ನು ಕುರಿತು ಟಿಬೆಟನ್ ಭಾಷೆಯಲ್ಲಿಯೇ ಗ್ರಂಥಗಳನ್ನು ರಚಿಸಿದರು. ಪರಧರ್ಮದ ಗುರುವೊಬ್ಬನನ್ನು ಒಳಗೆ ಕರೆದು ಕೂರಿಸಿಕೊಂಡ ವಿದ್ಯಾಪೀಠ ಅದು. ಇನ್ನೂ ಒಂದು ಬಂಧವಿದೆ. ಮೈಸೂರು ಸೀಮೆಯಲ್ಲಿ ನಮ್ಮ ಹಿರಿಯರಿಗೆ ದೀಕ್ಷಾಸ್ನಾನ ಕೊಟ್ಟು, ಗುಡಿಗಳನ್ನು ಕಟ್ಟಿದ ಪ್ಯಾರಿಸ್ಸಿನ ಎಂ.ಇ.ಪಿ. ಸಂಸ್ಥೆಗೆ 1846ರಲ್ಲಿ ರೋಮ್ ಟಿಬೆಟ್ಟಿನ ಧರ್ಮಪ್ರಚಾರವನ್ನೂ ವಹಿಸಿತ್ತು. ಮೈಸೂರು ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರೂ ಆ ಸಂಸ್ಥೆಯವರೇ. ಅದರ ಗುರುಗಳು ಲಾಸಾವನ್ನು ತಲುಪಲಾಗದೆ ಗಡಿಯಲ್ಲೇ ದುಡಿದರು. ಕೆಲವರು ಸ್ಥಳೀಯ ಲಾಮಾಗಳ ಕೋಪಕ್ಕೆ ಸಿಲುಕಿ ಅಲ್ಲಿಯೇ ಪ್ರಾಣವನ್ನೂ ತೆತ್ತರು. ಹಳೆಯ ಟಿಬೆಟ್ಟು ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. ಬಡ ಒಕ್ಕಲುಗಳು ಮಠಗಳ, ಶ್ರೀಮಂತರ ಜಮೀನಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ನಾಡು ಅದು. ಚೀನಾ ಇದನ್ನು ಆಗಾಗ ನೆನಪಿಸುತ್ತದೆ. ನೆನಪಿಸುವುದರಲ್ಲಿ ತಪ್ಪಿಲ್ಲ.

ಈಗ ಪೀಠದ ವಿಷಯಕ್ಕೆ ಬರೋಣ. 1959ರಲ್ಲಿ ದಲೈ ಲಾಮಾ ಹೊರಟಾಗ, ಹತ್ತನೆಯ ಪಾಂಚೆನ್ ಲಾಮಾ ಟಿಬೆಟ್ಟಿನಲ್ಲಿಯೇ ಉಳಿದರು. ಅವರು ಚೀನಾದ ಪರವೆಂದು ಎಲ್ಲರೂ ಬಗೆದಿದ್ದರು. ಆದರೆ 1962ರಲ್ಲಿ ಅವರು ನಾಡನ್ನೆಲ್ಲ ಸುತ್ತಿ ನೋಡಿ, ಪ್ರಧಾನಿ ಚೌ ಎನ್‌ಲಾಯ್ ಅವರಿಗೆ 70,000 ಅಕ್ಷರಗಳ ಮನವಿಯೊಂದನ್ನು ಸಲ್ಲಿಸಿದರು. ಟಿಬೆಟ್ಟಿನಲ್ಲಿ 2,500ಕ್ಕೂ ಹೆಚ್ಚಿದ್ದ ಮಠಗಳಲ್ಲಿ ಉಳಿದಿರುವುದು ಸುಮಾರು 70 ಮಾತ್ರ ಎಂದು ಅದರಲ್ಲಿ ಬರೆದಿದ್ದರು. ಜನ ಹಸಿವಿನಿಂದ ಸಾಯುತ್ತಿರುವುದನ್ನೂ ಮುಚ್ಚಿಡಲಿಲ್ಲ. ಆಗ ಅವರಿಗೆ ವಯಸ್ಸು 24. ಪ್ರತಿಫಲವಾಗಿ ಬಹಿರಂಗ ಅವಮಾನ, ಅನಂತರ ಸೆರೆಮನೆ ದೊರೆತವು. 1977ರಲ್ಲಿ ಬಿಡುಗಡೆಯಾಗಿ, 1989ರ ಜನವರಿ 28ರಂದು ಶಿಗಾತ್ಸೆಯಲ್ಲಿ ತೀರಿಕೊಂಡರು.

ಅವರ ಪುನರವತಾರವನ್ನು ಹುಡುಕುವ ಕಾರ್ಯ ತಾಶಿ ಲುನ್ಪೊ ಮಠಾಧಿಪತಿ ಛಾಡ್ರೆಲ್ ರಿಂಪೋಚೆ ಅವರ ನೇತೃತ್ವದಲ್ಲಿ, ಸರ್ಕಾರದ ಒಪ್ಪಿಗೆಯಿಂದಲೇ ನಡೆಯಿತು. 1995ರ ಮೇ 14ರಂದು ದಲೈ ಲಾಮಾ ಗೆಧುನ್ ಛೋಕ್ಯಿ ನ್ಯಿಮಾ ಎಂಬ ಆರು ವರ್ಷದ ಬಾಲಕನನ್ನು ಹನ್ನೊಂದನೆಯ ಪಾಂಚೆನ್ ಲಾಮಾ ಎಂದು ಘೋಷಿಸಿದರು. ಮೂರು ದಿನಗಳಲ್ಲಿ ಬಾಲಕನನ್ನೂ ತಂದೆತಾಯಿಯರನ್ನೂ ಅಧಿಕಾರಿಗಳು ಕರೆದೊಯ್ದರು. ಅಂದಿನಿಂದ ಹೊರಗಿನವರಾರೂ ಅವರನ್ನು ಕಂಡಿಲ್ಲ. ದಲೈ ಲಾಮಾರೊಡನೆ ಸಂಪರ್ಕವಿಟ್ಟುಕೊಂಡ ಆಪಾದನೆಯ ಮೇಲೆ ಛಾಡ್ರೆಲ್ ರಿಂಪೋಚೆ ಅವರಿಗೆ 1997ರಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ಅದಕ್ಕೂ ಮುನ್ನ, 1995ರ ನವೆಂಬರ್ 29ರಂದು, ಲಾಸಾದ ಜೋಖಾಂಗ್ ದೇಗುಲದಲ್ಲಿ ಚಿನ್ನದ ಕಲಶವೊಂದರಿಂದ ಚೀಟಿ ಎತ್ತಿ, ಗ್ಯಾಲ್ತ್ಸೆನ್ ನೋರ್ಬು ಎಂಬ ಬೇರೊಬ್ಬ ಬಾಲಕನನ್ನು ಸರ್ಕಾರ ಪಾಂಚೆನ್ ಲಾಮಾ ಎಂದು ಸಾರಿತು. ಅವರೇ ಇಂದು ಚೀನಾದ ಅಧಿಕೃತ ಪಾಂಚೆನ್ ಲಾಮಾ.

ಆ ಕಲಶದ ಚರಿತ್ರೆ ಸ್ವಾರಸ್ಯಕರ. ಗೂರ್ಖರು ಟಿಬೆಟ್ಟಿನ ಮೇಲೆ ನುಗ್ಗಿದಾಗ ಸೇನೆ ಕಳುಹಿಸಿದ ಚೀನಾದ ಚಿಯೆನ್‌ಲುಂಗ್ ಚಕ್ರವರ್ತಿ, 1790ರ ದಶಕದಲ್ಲಿ ಇದನ್ನು ಲಾಸಾಕ್ಕೆ ಕೊಟ್ಟದ್ದು. ಕೆಲವು ಲಾಮಾಗಳನ್ನು ಅದರಿಂದ ಆರಿಸಿದ್ದೂ ಉಂಟು, ಕಲಶವಿಲ್ಲದೆ ಗುರುತಿಸಿದ್ದೂ ಉಂಟು. ಇಂದಿನ ದಲೈ ಲಾಮಾರೇ ಕಲಶದಿಂದ ಆರಿಸಲ್ಪಟ್ಟವರಲ್ಲ. ಚಕ್ರಾಧಿಪತ್ಯ 1912ರಲ್ಲಿ ಅಳಿಯಿತು. ಅದರ ಕುರುಹುಗಳನ್ನೆಲ್ಲ ಊಳಿಗಮಾನ್ಯವೆಂದು ಹಳಿದ ಪಕ್ಷ, ಈ ಒಂದು ಕಲಶವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿತು. 2007ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಆದೇಶವೊಂದರ ಪ್ರಕಾರ, ಸರ್ಕಾರದ ಅನುಮತಿಯಿಲ್ಲದೆ ಯಾವ ಲಾಮಾರೂ ಪುನರವತಾರ ತಾಳಿದರೆಂದು ಒಪ್ಪುವಂತಿಲ್ಲ. ತನ್ನ ಸದಸ್ಯರಿಗೆ ಯಾವ ಧರ್ಮವನ್ನೂ ನಂಬಲು ಬಿಡದ ಪಕ್ಷ ಪುನರ್ಜನ್ಮಕ್ಕೆ ಪರವಾನಗಿ ಕೊಡುತ್ತದೆ! ನಗು ಬರುವುದು ಸಹಜ. ಆದರೆ ಇದರಲ್ಲಿ ಚೀನಾದ ಧರ್ಮನೀತಿಯ ಕೀಲಿ ಅಡಗಿದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅದು ಧರ್ಮವನ್ನೇ ಅಳಿಸಲು ಹೊರಟಿತ್ತು, ಅಳಿಸಲಾಗಲಿಲ್ಲ. 1982ರ ಸಂವಿಧಾನದ 36ನೇ ವಿಧಿ ಧಾರ್ಮಿಕ ನಂಬಿಕೆಯ ಸ್ವಾತಂತ್ರ್ಯವನ್ನು ಒಪ್ಪುತ್ತದೆ, ಜೊತೆಗೆ ಧಾರ್ಮಿಕ ವ್ಯವಹಾರಗಳು ಯಾವ ವಿದೇಶೀ ಶಕ್ತಿಯ ಹಿಡಿತದಲ್ಲೂ ಇರಕೂಡದೆನ್ನುತ್ತದೆ. ಅಲ್ಲಿಂದೀಚೆಗೆ ಅದರ ಮುಖ್ಯ ಬೇಡಿಕೆ ಒಂದೇ: ಪೂಜೆ ನೀವು ಮಾಡಿ, ಪೂಜಾರಿಯನ್ನು ನಾವು ಒಪ್ಪಬೇಕು.

ವಾಚಕರೇ, ಈ ಬೇಡಿಕೆ ನಮ್ಮ ಧರ್ಮಸಭೆಯ ಬಾಗಿಲಿಗೂ ಬಂದಿದೆ.

ಚೀನಾದ ಸಂಶಯ ಗಾಳಿಯಿಂದ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಪೂಜ್ಯ ಮತ್ತೆಯೊ ರಿಚ್ಚಿ 1601ರಲ್ಲಿ ಬೀಜಿಂಗ್ ಪ್ರವೇಶಿಸಿದ್ದು ಗಡಿಯಾರ, ಗಣಿತಗಳನ್ನು ಕೈಯಲ್ಲಿ ಹಿಡಿದು. ಎರಡೂವರೆ ಶತಮಾನಗಳ ಬಳಿಕ ಬಂದ ನಮ್ಮವರ ಬೆನ್ನ ಹಿಂದೆ ಫ್ರಾನ್ಸಿನ ಯುದ್ಧನೌಕೆಗಳಿದ್ದವು. ಸೋತ ಚೀನಾದಿಂದ ಬರೆಸಿಕೊಂಡ ಒಪ್ಪಂದಗಳಲ್ಲಿ ಅಫೀಮಿನ ವ್ಯಾಪಾರಿಗೂ ಶಿಲುಬೆಯ ಸೇವಕನಿಗೂ ರಕ್ಷಣೆ ದೊರೆಯಿತು. ಆ ನೆರಳು ಬಲು ಉದ್ದ. 1926ರಲ್ಲಿ ಹನ್ನೊಂದನೆಯ ಭಕ್ತಿನಾಥರು ಆರು ಮಂದಿ ಚೀನೀಯರನ್ನು ರೋಮಿನಲ್ಲಿ ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿದರು. ಅದು ಒಳ್ಳೆಯ ಕಾರ್ಯ, ತಡವಾಗಿ ಬಂದದ್ದು. ಕಮ್ಯುನಿಸ್ಟರು 1951ರಲ್ಲಿ ಪವಿತ್ರ ಪೀಠದ ಪ್ರತಿನಿಧಿಯನ್ನು ಹೊರಗಟ್ಟಿದರು. 1955ರ ಸೆಪ್ಟೆಂಬರ್ 8ರ ರಾತ್ರಿ ಶಾಂಘೈ ಧರ್ಮಾಧ್ಯಕ್ಷ ಇಗ್ನೇಷಿಯಸ್ ಕುಂಗ್ ಬಂಧಿತರಾದರು. ಜಗದ್ಗುರುವನ್ನು ತೊರೆದರೆ ಬಿಡುಗಡೆ ಎಂಬ ಆಮಿಷಕ್ಕೆ ಅವರು ಬಗ್ಗಲಿಲ್ಲ. 30 ವರ್ಷ ಸೆರೆಯಲ್ಲಿದ್ದರು. ಎರಡನೆಯ ಜಾನ್ ಪಾಲ್ ಅವರನ್ನು 1979ರಲ್ಲಿಯೇ ಗುಟ್ಟಾಗಿ ಕಾರ್ಡಿನಲ್ ಪದವಿಗೇರಿಸಿ, 1991ರಲ್ಲಿ ಅದನ್ನು ಬಹಿರಂಗಪಡಿಸಿದರು. ಇತ್ತ ಸರ್ಕಾರ 1957ರಲ್ಲಿ ಕಥೋಲಿಕ ದೇಶಭಕ್ತ ಸಂಘವನ್ನು ಕಟ್ಟಿ, ಮರುವರ್ಷದಿಂದ ರೋಮಿನ ಒಪ್ಪಿಗೆಯಿಲ್ಲದೆ ಧರ್ಮಾಧ್ಯಕ್ಷರನ್ನು ಅಭಿಷೇಕ ಮಾಡಿಸತೊಡಗಿತು. ಒಂದೇ ಊರಿನ ಭಕ್ತರು ತೆರೆದ ಗುಡಿಗೆ ಹೋಗುವವರು, ಮನೆಯ ಕದ ಮುಚ್ಚಿ ಬಲಿಪೂಜೆ ಅರ್ಪಿಸುವವರು ಎಂದು ಎರಡಾದರು. ಆ ಒಡಕಿನ ನೋವು ನಮಗೆ ಸುಲಭವಾಗಿ ಅರ್ಥವಾಗದು.

2018ರ ಸೆಪ್ಟೆಂಬರ್ 22ರಂದು ವ್ಯಾಟಿಕನ್ ಮತ್ತು ಬೀಜಿಂಗ್ ಧರ್ಮಾಧ್ಯಕ್ಷರ ನೇಮಕವನ್ನು ಕುರಿತು ತಾತ್ಕಾಲಿಕ ಒಪ್ಪಂದಕ್ಕೆ ಬಂದವು. 2020, 2022ರಲ್ಲಿ ಎರಡೆರಡು ವರ್ಷಕ್ಕೆ, 2024ರಲ್ಲಿ ನಾಲ್ಕು ವರ್ಷಕ್ಕೆ ಅದನ್ನು ನವೀಕರಿಸಲಾಯಿತು. ಅದರ ಪಾಠ ಪ್ರಕಟವಾಗಿಲ್ಲ. ಕೊನೆಯ ಮಾತು ಜಗದ್ಗುರುವಿನದೆಂದು ಫ್ರಾನ್ಸಿಸ್ ಅವರು ಹೇಳಿದ್ದರು. ಆದರೆ 2023ರ ಏಪ್ರಿಲಿನಲ್ಲಿ ಧರ್ಮಾಧ್ಯಕ್ಷ ಶೆನ್ ಬಿನ್ ಅವರನ್ನು ಚೀನಾದ ಅಧಿಕಾರಿಗಳು ತಾವೇ ಶಾಂಘೈಗೆ ವರ್ಗಾಯಿಸಿದರು. ಜುಲೈನಲ್ಲಿ ಜಗದ್ಗುರುಗಳು ಅದಕ್ಕೆ ಸಮ್ಮತಿಯ ಮುದ್ರೆ ಒತ್ತಿದರು. ಅದೇ ಶಾಂಘೈಗೆ 2012ರಲ್ಲಿ ಸಹಾಯಕ ಧರ್ಮಾಧ್ಯಕ್ಷರಾದ ತದ್ದೇವುಸ್ ಮಾ, ಅಭಿಷೇಕದ ದಿನವೇ ದೇಶಭಕ್ತ ಸಂಘವನ್ನು ತೊರೆಯುವುದಾಗಿ ಗುಡಿಯಲ್ಲಿ ಸಾರಿದ್ದರು. ಅವರನ್ನು ಶೆಷಾನ್ ಬೆಟ್ಟದ ಗುರುಮಠದಲ್ಲಿ ದಿಗ್ಬಂಧನದಲ್ಲಿರಿಸಲಾಯಿತು.

ಅರಸನು ಧರ್ಮಾಧ್ಯಕ್ಷನನ್ನು ಹೆಸರಿಸುವುದು ನಮ್ಮ ಚರಿತ್ರೆಗೆ ಹೊಸದಲ್ಲ ಎಂದು ಒಪ್ಪಂದದ ಸಮರ್ಥಕರು ನೆನಪಿಸುತ್ತಾರೆ. ಅದು ನಿಜ. ಪೋರ್ಚುಗಲ್ಲಿನ ದೊರೆಗಳಿಗೆ ಪೂರ್ವದೇಶಗಳಲ್ಲಿ ಈ ಅಧಿಕಾರವಿತ್ತು. ನಮ್ಮದೇ ಮಂಗಳೂರಿನ ಧರ್ಮಾಧ್ಯಕ್ಷರ ನೇಮಕದಲ್ಲಿ ಪೋರ್ಚುಗಲ್ಲಿಗಿದ್ದ ಹಕ್ಕು ಪೂರ್ಣವಾಗಿ ಕೊನೆಗೊಂಡದ್ದು 1950ರಲ್ಲಿ, ಭಾರತ ಗಣರಾಜ್ಯವಾದ ವರ್ಷ. ಆದರೆ ಆ ದೊರೆಗಳು, ಅವರ ದುರಾಸೆಗಳೇನೇ ಇರಲಿ, ಬಲಿಪೂಜೆಯಲ್ಲಿ ಮೊಣಕಾಲೂರುವವರಾಗಿದ್ದರು. ಅವರಿಂದಲೇ ನಮಗೆ ಅಷ್ಟು ತೊಂದರೆಯಾಗಿದ್ದರೆ, ದೇವರಿಲ್ಲವೆನ್ನುವ ಪಕ್ಷದ ಕೈಗೆ ಅರ್ಧ ಲೇಖನಿಯನ್ನು ಕೊಡುವುದು ಚಿಕ್ಕ ಸಂಗತಿಯಲ್ಲ. ಭಕ್ತರಿಗೆ ಸಂಸ್ಕಾರಗಳು ದೊರೆಯಲಿ, ಒಡಕು ಮಾಯಲಿ ಎಂಬ ರೋಮಿನ ಉದ್ದೇಶವನ್ನು ನಾನು ಸಂಶಯಿಸುವುದಿಲ್ಲ. ಪಡೆದದ್ದಕ್ಕಿಂತ ತೆತ್ತ ಬೆಲೆ ಹೆಚ್ಚಾಯಿತೆಂದೇ ನನ್ನ ಎಣಿಕೆ. ಈ ಬೆಲೆಯಲ್ಲಿ ಒಂದು ಭಾಗ ಮೌನ. 2014ರ ಡಿಸೆಂಬರಿನಲ್ಲಿ ದಲೈ ಲಾಮಾ ರೋಮಿಗೆ ಬಂದಾಗ ವ್ಯಾಟಿಕನ್ ಭೇಟಿಯನ್ನು ನಿರಾಕರಿಸಿತು. ಎರಡನೆಯ ಜಾನ್ ಪಾಲ್ ಹಲವು ಬಾರಿ ಅವರನ್ನು ಬರಮಾಡಿಕೊಂಡಿದ್ದರು.

ಮೌನದಲ್ಲಿ ನಾವು ಒಂಟಿಯಲ್ಲ. ಶಿಂಜಿಯಾಂಗ್ ಪ್ರಾಂತ್ಯದ ಉಯ್ಗುರ್ ಮುಸ್ಲಿಮರನ್ನು 2017ರಿಂದ ಭಾರಿ ಸಂಖ್ಯೆಯಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದನ್ನು ಕುರಿತು, 2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಕೊಟ್ಟಿತು. ಮಾನವಕುಲದ ವಿರುದ್ಧದ ಅಪರಾಧವಾಗಿರಬಹುದೆಂದೂ ಹೇಳಿತು. ಅದನ್ನು ಚರ್ಚಿಸಬೇಕೆಂಬ ಗೊತ್ತುವಳಿಗೆ ಅಕ್ಟೋಬರಿನಲ್ಲಿ ಬಿದ್ದ ಮತಗಳು ಪರವಾಗಿ 17, ವಿರುದ್ಧ 19. ವಿರುದ್ಧ ಕೈಯೆತ್ತಿದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್ ಸೇರಿದ್ದವು. ತಟಸ್ಥವಾಗಿ ಉಳಿದ 11 ದೇಶಗಳಲ್ಲಿ ನಮ್ಮ ಭಾರತವೂ ಒಂದು. ಸಾಲ, ಸರಕು, ರಸ್ತೆ, ಬಂದರುಗಳ ಲೆಕ್ಕ ಪ್ರತಿಯೊಬ್ಬರಿಗೂ ಇದೆ. ಮೇಟಗಳ್ಳಿಯ ಟೈರು ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಅಗ್ಗದ ಚೀನೀ ಟೈರುಗಳು ಬಂದಾಗ ದೇಶೀಯ ಕಾರ್ಖಾನೆಗಳು ದೂರಿತ್ತವು. ಭಾರತ ಸರ್ಕಾರ 2017ರಲ್ಲಿ ಅಲ್ಲಿನ ಬಸ್ಸು ಲಾರಿ ಟೈರುಗಳ ಮೇಲೆ ಸುಂಕ ಹೇರಿತು. ಟೈರಿನ ವಿಷಯದಲ್ಲಿ ದೇಶಗಳಿಗೆ ಧ್ವನಿ ಬರುತ್ತದೆ.

ಇತ್ತ ಬೈಲಕುಪ್ಪೆಯಲ್ಲಿ ಕಾಲ ನಿಂತಿಲ್ಲ. 2008ಕ್ಕೆ ಮುಂಚೆ ವರ್ಷಕ್ಕೆ ಎರಡು, ಮೂರು ಸಾವಿರ ಟಿಬೆಟನ್ನರು ಗಡಿ ದಾಟಿ ಬರುತ್ತಿದ್ದರು. ಆ ವರ್ಷದ ಪ್ರತಿಭಟನೆಗಳ ನಂತರ ಕಾವಲು ಬಿಗಿಯಾಗಿ, ನೇಪಾಳವೂ ಚೀನಾದ ಮಾತಿಗೆ ಕಿವಿಗೊಟ್ಟು, ಆ ಪ್ರವಾಹ ಬತ್ತಿಹೋಯಿತು. ಮಠಗಳಿಗೆ ಅಲ್ಲಿಂದ ಎಳೆಯ ಭಿಕ್ಷುಗಳು ಬರುವುದು ಬಹುಮಟ್ಟಿಗೆ ನಿಂತಿದೆ. ಇಲ್ಲಿಯೇ ಹುಟ್ಟಿ, ಅಚ್ಚ ಪಿರಿಯಾಪಟ್ಟಣದ ಕನ್ನಡ ಮಾತನಾಡುವ ತರುಣರು ವಿದೇಶಗಳಿಗೆ ಹೊರಡುತ್ತಿದ್ದಾರೆ. 1950 ಮತ್ತು 1987ರ ನಡುವೆ ಭಾರತದಲ್ಲಿ ಜನಿಸಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರೆಂದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಆದರೂ ವಿದೇಶೀಯರ ನೋಂದಣಿ ಪತ್ರವನ್ನೇ ಇಟ್ಟುಕೊಂಡಿರುವವರು ಹಲವರು. ಪೌರತ್ವ ಪಡೆದರೆ ತಾಯ್ನಾಡಿನ ಹಕ್ಕು ಬಿಟ್ಟುಕೊಟ್ಟಂತೆ ಎಂಬ ಅಳುಕು ಅವರದು.

2025ರ ಜನವರಿಯಲ್ಲಿ ದಲೈ ಲಾಮಾ ಬೈಲಕುಪ್ಪೆಗೆ ಬಂದು ತಿಂಗಳಿಗೂ ಹೆಚ್ಚು ಕಾಲ ಉಳಿದರು. ಉಳಿದದ್ದು ತಾಶಿ ಲುನ್ಪೊ ಮಠದಲ್ಲಿ. ಅದೇ ವರ್ಷದ ಜುಲೈ 2ರಂದು, ತೊಂಬತ್ತನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ, ತಮ್ಮ ಪರಂಪರೆ ಮುಂದುವರಿಯುವುದೆಂದೂ ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದೂ ಘೋಷಿಸಿದರು. ಚಿನ್ನದ ಕಲಶ ಮತ್ತು ಕೇಂದ್ರ ಸರ್ಕಾರದ ಒಪ್ಪಿಗೆ ಅನಿವಾರ್ಯವೆಂದು ಬೀಜಿಂಗ್ ಅಂದೇ ಉತ್ತರಿಸಿತು. ಮುಂದೊಂದು ದಿನ ಇಬ್ಬರು ಪಾಂಚೆನ್ ಲಾಮಾಗಳಂತೆ ಇಬ್ಬರು ದಲೈ ಲಾಮಾಗಳೂ ಇರಬಹುದು. ಪರಂಪರೆಯಂತೆ ಹೊಸ ದಲೈ ಲಾಮಾರನ್ನು ಗುರುತಿಸುವುದರಲ್ಲಿ ಪಾಂಚೆನ್ ಲಾಮಾರಿಗೆ ಪಾಲುಂಟು. ಆರು ವರ್ಷದ ಮಗುವೊಂದನ್ನು ಏಕೆ ಕರೆದೊಯ್ದರೆಂದು ಇದರಿಂದ ತಿಳಿಯುತ್ತದೆ.

ಆ ಮಗು ಹುಟ್ಟಿದ್ದು 1989ರ ಏಪ್ರಿಲ್ 25ರಂದು. ಆತ ಕಾಲೇಜು ಮುಗಿಸಿ ಉದ್ಯೋಗದಲ್ಲಿದ್ದಾನೆ, ತನ್ನ ಬದುಕಿಗೆ ತೊಂದರೆ ಬೇಡವೆನ್ನುತ್ತಾನೆ ಎಂದು ಚೀನಾದ ವಕ್ತಾರರು 2020ರಲ್ಲಿ ಹೇಳಿದರು. ಆತನೇ ಬಂದು ಹೇಳಿದ್ದಲ್ಲ. ಪ್ರತಿ ವರ್ಷ ಆ ದಿನ ಟಿಬೆಟನ್ ವಸತಿಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. ಮುಂದಿನ ಬಾರಿ ಬೈಲಕುಪ್ಪೆಗೆ ಹೋದಾಗ ಚಿನ್ನದ ದೇಗುಲದಿಂದ ಹಾಗೆಯೇ ಹಿಂದಿರುಗದೆ ತಾಶಿ ಲುನ್ಪೊ ಮಠವನ್ನೂ ಕೇಳಿಕೊಂಡು ಹೋಗಿ ಬನ್ನಿ. ಟಿಬೆಟನ್ನರು ಇಟ್ಟುಕೊಂಡಿರುವ ಭಾವಚಿತ್ರದಲ್ಲಿ, ಕೆಂಪು ಕೆನ್ನೆಯ, ನೇರ ನೋಟದ ಪುಟ್ಟ ಹುಡುಗನೊಬ್ಬನಿದ್ದಾನೆ. ಆತನ ಬೇರೆ ಚಿತ್ರ ಹೊರಜಗತ್ತಿಗೆ ದೊರೆತಿಲ್ಲ.